ಸಣ್ಣ ಕೌಂಟಿ ಆಫೀಸಿಗೆ ಇಪಿಎ ಕೊಡೋ ಟೆಕ್ನಿಕಲ್ ಸಹಾಯ ಅಂದ್ರೆ ಏನು?

ಪ್ರಶ್ನೆ: ನಾನು ಎನ್ವಿರಾನ್ಮೆಂಟಲ್ ಇಂಜಿನಿಯರಿಂಗ್ ಓದ್ತಾ ಇದೀನಿ. ಅಮೆರಿಕದಲ್ಲಿ ಫ್ಯಾಕ್ಟರಿಗಳಿಗೆ ಗಾಳಿ ಮಾಲಿನ್ಯದ ಪರ್ಮಿಟ್ ಕೊಡೋದು ಹೆಚ್ಚಾಗಿ ರಾಜ್ಯ ಇಲ್ಲಾ ಕೌಂಟಿ (ನಮ್ಮ ಜಿಲ್ಲೆ ತರ) ಏಜೆನ್ಸಿಗಳು ಅಂತ ತಿಳೀತು. ಬೆರಳೆಣಿಕೆ ಜನ ಇರೋ ಆಫೀಸಿಗೆ ಕಲ್ಲಿನ ಕ್ರಷರ್, ಬಾಯ್ಲರ್, ಪೇಂಟ್ ಬೂತ್ ಎಲ್ಲದ್ರ ಬಗ್ಗೆನೂ ಹೇಗೆ ಗೊತ್ತಿರುತ್ತೆ ಸರ್? ಕೇಂದ್ರದ ಪರಿಸರ ಸಂರಕ್ಷಣಾ ಏಜೆನ್ಸಿ, ಅಂದ್ರೆ ಇಪಿಎ, ಇಂಜಿನಿಯರ್‌ಗಳನ್ನ ಕಳಿಸುತ್ತಾ, ಇಲ್ಲ ಬರೀ ದುಡ್ಡು ಕೊಡುತ್ತಾ?

ಉತ್ತರ: ದುಡ್ಡೂ ಕೊಡುತ್ತೆ, 10 ರೀಜನಲ್ ಆಫೀಸುಗಳಿಂದ ಜನರ ಸಲಹೆನೂ ಸಿಗುತ್ತೆ. ಆದ್ರೆ ದಿನನಿತ್ಯ ಕೈ ಹಿಡಿಯೋದು ಇವೆರಡಕ್ಕಿಂತ ಹೆಚ್ಚಾಗಿ, ಎಲ್ಲರೂ ಸೇರಿ ಕೂಡಿಟ್ಟಿರೋ ಲೆಕ್ಕ ಮತ್ತು ಅನುಭವ.

ಸ್ವಲ್ಪ ಹಿಂದಕ್ಕೆ ಹೋಗೋಣ. 1948ರಲ್ಲಿ ಪೆನ್ಸಿಲ್ವೇನಿಯಾದ ಡೊನೋರಾ ಅನ್ನೋ ಊರಲ್ಲಿ ಝಿಂಕ್ ಮತ್ತು ಸ್ಟೀಲ್ ಕಾರ್ಖಾನೆಗಳ ಹೊಗೆ ಕಣಿವೆಯಲ್ಲೇ ನಿಂತುಬಿಟ್ಟು 20 ಜನ ಸತ್ತರು. ಆಮೇಲೆ 1955ರಲ್ಲಿ ಮೊದಲ ಕೇಂದ್ರ ಕಾಯ್ದೆ ಬಂತು, ಅದ್ರಲ್ಲಿ ಯಾರನ್ನೂ ತಡೆಯೋ ಅಧಿಕಾರನೇ ಇರ್ಲಿಲ್ಲ ನೋಡಿ, ವರ್ಷಕ್ಕೆ 50 ಲಕ್ಷ ಡಾಲರ್‌ನಂತೆ 5 ವರ್ಷ ಸಂಶೋಧನೆಗೆ ಮತ್ತು ರಾಜ್ಯ, ಸ್ಥಳೀಯ ಸಂಸ್ಥೆಗಳಿಗೆ ಟೆಕ್ನಿಕಲ್ ನೆರವಿಗೆ ಅಂತ ಇಟ್ಟಿದ್ರು, ಅಷ್ಟೇ. ಅಂದ್ರೆ ನೆರವು ಮೊದಲು, ಕಟ್ಟುನಿಟ್ಟಿನ ಕಾನೂನು ಆಮೇಲೆ. ಇಪಿಎ ಹುಟ್ಟಿದ್ದೇ 1970ರಲ್ಲಿ. ಈಗ ಕ್ಲೀನ್ ಏರ್ ಆಕ್ಟ್‌ನ ಸೆಕ್ಷನ್ 105ರ ಪ್ರಕಾರ ಏಜೆನ್ಸಿಯ ಗಾಳಿ ಕಾರ್ಯಕ್ರಮದ ಖರ್ಚಲ್ಲಿ 60% ವರೆಗೆ ಕೇಂದ್ರ ಭರಿಸಬಹುದು, ಉಳಿದಿದ್ದು ಸ್ಥಳೀಯರೇ ಹೊಂದಿಸಿಕೊಳ್ಬೇಕು.

ಈಗ ನಿಮ್ಮ ಕ್ರಷರ್‌ಗೇ ಬರ್ತೀನಿ. ಗಂಟೆಗೆ 300 ಟನ್ ಕಲ್ಲು ಪುಡಿ ಮಾಡೋ ಅರ್ಜಿ ಮೇಜಿಗೆ ಬಂತು ಅಂದ್ಕೊಳ್ಳಿ, ಎಷ್ಟು ಧೂಳು ಏಳುತ್ತೆ ಅಂತ ಆ ಇಂಜಿನಿಯರ್ ಊಹೆ ಮಾಡ್ಬೇಕಿಲ್ಲ. ಎಪಿ-42 ಅಂತ ಒಂದು ದೊಡ್ಡ ಸಂಕಲನ ಇದೆ, 1968ರಿಂದ ಬರ್ತಾ ಇರೋದು, ಯಾವ ಕೆಲಸಕ್ಕೆ ಎಷ್ಟು ಹೊಗೆ-ಧೂಳು ಅನ್ನೋ ಎಮಿಷನ್ ಫ್ಯಾಕ್ಟರ್‌ಗಳು ಅದ್ರಲ್ಲಿರುತ್ತೆ. ಕ್ರಷಿಂಗ್‌ನ ಮೂರನೇ ಹಂತದಲ್ಲಿ ಒಣ ಕಲ್ಲಾದ್ರೆ ಟನ್‌ಗೆ 0.0024 ಪೌಂಡ್ ಪಿಎಂ10 (10 ಮೈಕ್ರಾನ್ ಅಥವಾ ಅದಕ್ಕಿಂತ ಸಣ್ಣ ಧೂಳಿನ ಕಣ), ನೀರು ಸಿಂಪಡಿಸಿದ್ರೆ 0.00054 ಪೌಂಡ್. ಗುಣಿಸಿ ನೋಡಿ, ಗಂಟೆಗೆ 0.72 ಪೌಂಡ್ ಇದ್ದದ್ದು 0.16ಕ್ಕೆ ಇಳಿಯುತ್ತೆ. ಹಾಗಾಗಿ ನೀರಿನ ಸ್ಪ್ರೇ ಕಡ್ಡಾಯ ಅಂತ ಪರ್ಮಿಟ್‌ನಲ್ಲಿ ಬರೆಯೋಕೆ ಆಧಾರ ಸಿಕ್ತು. ಅದೇ ಸಂಕಲನದಲ್ಲಿ ಟಾರ್ ಇಲ್ಲದ ರಸ್ತೆ ಮೇಲೆ ಲಾರಿ ಓಡಿದ್ರೆ ಎಷ್ಟು ಧೂಳು ಅನ್ನೋ ಸೂತ್ರನೂ ಇದೆ, ಎಷ್ಟೋ ಕ್ವಾರಿಗಳಲ್ಲಿ ಯಂತ್ರಕ್ಕಿಂತ ಆ ರಸ್ತೆಯದ್ದೇ ದೊಡ್ಡ ಪಾಲು, ಅದನ್ನ ಮರೆತು ಬರೀ ಕ್ರಷರ್ ನೋಡೋ ಪರ್ಮಿಟ್ ಅರ್ಧಂಬರ್ಧ ಪರ್ಮಿಟ್ಟೇ.

ಆದ್ರೆ ಒಂದು ಎಚ್ಚರಿಕೆ, ವಿದ್ಯಾರ್ಥಿಗಳು ತುಂಬಾ ಎಡವೋ ಜಾಗ ಇದು. ಎಪಿ-42ರ ಅಂಕಿಗಳು ಸರಾಸರಿ. ಪ್ರತಿ ಫ್ಯಾಕ್ಟರ್‌ಗೂ ಎ ಇಂದ ಇ ವರೆಗೆ ರೇಟಿಂಗ್ ಕೊಟ್ಟಿರ್ತಾರೆ, ಇ ಅಂದ್ರೆ ಆಧಾರ ತೀರಾ ದುರ್ಬಲ. ಒಂದು ನಿರ್ದಿಷ್ಟ ಫ್ಯಾಕ್ಟರಿಗೆ ಇದನ್ನೇ ಮಿತಿಯಾಗಿ ಹಾಕೋದನ್ನ ನಾವು ಶಿಫಾರಸು ಮಾಡಲ್ಲ ಅಂತ ಇಪಿಎನೇ ಅದ್ರ ಪೀಠಿಕೆಯಲ್ಲಿ ಹೇಳಿದೆ. ಆಗೋದಾದ್ರೆ ಚಿಮಣಿಯಲ್ಲೇ ಹೊಗೆ ಅಳೆಯೋ ಸ್ಟ್ಯಾಕ್ ಟೆಸ್ಟ್ ಮಾಡಿಸಬೇಕು.

ಇನ್ನೊಂದು, ಆರ್‌ಬಿಎಲ್‌ಸಿ ಅನ್ನೋ ಡೇಟಾಬೇಸ್. ದೊಡ್ಡ ಘಟಕಗಳಿಗೆ ಲಭ್ಯ ಇರೋದ್ರಲ್ಲಿ ಒಳ್ಳೇ ಕಂಟ್ರೋಲ್ ತಂತ್ರ ಹಾಕಿಸಬೇಕು ಅನ್ನೋ ನಿಯಮ ಇದೆಯಲ್ಲ, ಬೇರೆ ರಾಜ್ಯದೋರು ಅಂಥದ್ದೇ ಬಾಯ್ಲರ್‌ಗೆ ಏನು ಹಾಕ್ಸಿದ್ರು, ಎಷ್ಟು ಮಿತಿ ಇಟ್ರು ಅಂತ ಅಲ್ಲಿ ಹುಡುಕಬಹುದು. "ಇದು ಎಲ್ಲೂ ಆಗಲ್ಲ ಸಾರ್" ಅಂತ ಕಂಪನಿ ಕಡೆಯೋರು ವಾದ ಮಾಡಿದಾಗ ಆಗಿರೋ ಕಡೆ ತೋರಿಸೋಕೆ ಇದಕ್ಕಿಂತ ಒಳ್ಳೇ ಸಾಕ್ಷಿ ಇಲ್ಲ. ಆದ್ರೆ ಅದನ್ನ ತುಂಬಿಸೋದು ಇಂಥ ಏಜೆನ್ಸಿಗಳೇ, ಪರ್ಮಿಟ್ ಕೊಟ್ಟಮೇಲೆ ಯಾರೂ ಮಾಹಿತಿ ಹಾಕ್ದೇ ಬಿಟ್ರೆ ಮುಂದಿನೋರಿಗೆ ಹಳೇ ಅಂಕಿನೇ ಗತಿ. ನನ್ನ ಪ್ರಕಾರ ಅಲ್ಲಿ ಒಂದು ಎಂಟ್ರಿ ಹಾಕೋದು ಪರ್ಮಿಟ್ ಬರೆಯೋದರಷ್ಟೇ ಮುಖ್ಯ ಕೆಲಸ.

ಟ್ರೇನಿಂಗ್, ಖರ್ಚಿನ ಲೆಕ್ಕ ಹಾಕೋ ಕಾಸ್ಟ್ ಮ್ಯಾನ್ಯುಯಲ್, ಹೊಗೆ ಎತ್ತ ಹರಡುತ್ತೆ ಅಂತ ಹೇಳೋ ಏರ್‌ಮಾಡ್ ಸಾಫ್ಟ್‌ವೇರ್, ಇವೂ ಇವೆ. ಏರ್‌ಮಾಡ್ ಉಚಿತ, ಡೌನ್‌ಲೋಡ್ ಮಾಡಿ ನೀವೂ ಕಲೀಬಹುದು.

ಪ್ರಶ್ನೆ: ಸಹಾಯ ತಗೊಂಡ್ರೆ ತೀರ್ಮಾನನೂ ಇಪಿಎ ಕೈಗೆ ಹೋಗಲ್ವಾ?

ಉತ್ತರ: ಪರ್ಮಿಟ್ ಬರೆದು ಸಹಿ ಹಾಕೋದು ಸ್ಥಳೀಯ ಏಜೆನ್ಸಿನೇ. ಆದ್ರೆ ದೊಡ್ಡ ಘಟಕಗಳ ಟೈಟಲ್ 5 ಪರ್ಮಿಟ್ ಆದ್ರೆ ಇಪಿಎಗೆ 45 ದಿನ ಪರಿಶೀಲನೆಗೆ ಸಿಗುತ್ತೆ, ತಪ್ಪು ಕಂಡ್ರೆ ಆಕ್ಷೇಪ ಹಾಕಬಹುದು. ಇದು ಸಹಾಯ ಕೇಳಿದ್ದಕ್ಕೆ ಬಂದ ಅಧಿಕಾರ ಅಲ್ಲ, ಕೇಳದಿದ್ರೂ ಇರುತ್ತೆ. ಹಾಗಾಗಿ ಡ್ರಾಫ್ಟ್ ಹಂತದಲ್ಲೇ ರೀಜನಲ್ ಆಫೀಸಿಗೆ ಫೋನ್ ಮಾಡಿ ಮಾತಾಡೋದೇ ಜಾಣತನ.

ಪ್ರಶ್ನೆ: ಕಾಡ್ಗಿಚ್ಚಿನ ಟೈಮಲ್ಲಿ ಜನರ ಮನೆ ಸೆನ್ಸರ್ ಒಂದು ಹೇಳುತ್ತೆ, ಸರ್ಕಾರದ ಮ್ಯಾಪ್ ಇನ್ನೊಂದು ಹೇಳುತ್ತೆ. ಅಲ್ಲಿನ ಏಜೆನ್ಸಿ ಯಾವುದನ್ನ ನಂಬುತ್ತೆ?

ಉತ್ತರ: ಪರ್ಪಲ್‌ಏರ್ ತರದ ಸೆನ್ಸರ್ ಕಣಗಳನ್ನ ತೂಕ ಮಾಡಲ್ಲ, ಲೇಸರ್ ಬೆಳಕು ಚದುರೋದನ್ನ ನೋಡಿ ಅಂದಾಜು ಮಾಡುತ್ತೆ, ಹೊಗೆ ಇದ್ದಾಗ ಜಾಸ್ತಿ ತೋರಿಸೋದು ಅದಕ್ಕೇ. ಅದಕ್ಕೆ ರಾಜ್ಯ, ಸ್ಥಳೀಯ ಏಜೆನ್ಸಿಗಳು ಈ ಸೆನ್ಸರ್‌ಗಳನ್ನ ತಮ್ಮ ಅಧಿಕೃತ ಮಾನಿಟರ್ ಪಕ್ಕದಲ್ಲೇ ಇಟ್ಟು ಓಡಿಸಿ ಡೇಟಾ ಕೊಟ್ರು, ಇಪಿಎ ವಿಜ್ಞಾನಿಗಳು ಅದ್ರಿಂದ ಇಡೀ ದೇಶಕ್ಕೆ ಒಂದು ತಿದ್ದುಪಡಿ ಸೂತ್ರ ಮಾಡಿದ್ರು: ಸೆನ್ಸರ್ ಅಂಕಿಯನ್ನ 0.524ರಿಂದ ಗುಣಿಸಿ, ಆರ್ದ್ರತೆಯ ಶೇಕಡಾವನ್ನ 0.0862ರಿಂದ ಗುಣಿಸಿ ಅದ್ರಲ್ಲಿ ಕಳೆದು, 5.75 ಕೂಡಿಸಿ. ಸೆನ್ಸರ್ 100 ತೋರಿಸ್ತಾ ಇದೆ, ಆರ್ದ್ರತೆ 40% ಅಂದ್ರೆ ತಿದ್ದಿದ ಮೇಲೆ ಘನ ಮೀಟರ್ ಗಾಳಿಗೆ ಸುಮಾರು 55 ಮೈಕ್ರೋಗ್ರಾಂ ಬರುತ್ತೆ. 2020ರಲ್ಲಿ ಶುರುವಾದ ಸರ್ಕಾರದ ಫೈರ್ ಅಂಡ್ ಸ್ಮೋಕ್ ಮ್ಯಾಪ್‌ನಲ್ಲಿ ಸೆನ್ಸರ್ ಅಂಕಿಗಳು ಹೀಗೆ ತಿದ್ದುಪಡಿ ಆಗೇ ಬರೋದು, ನಿಮಗೆ ಕಂಡ ವ್ಯತ್ಯಾಸ ಇದ್ರಿಂದಲೇ ಇರಬಹುದು. ಇವತ್ತು ಮಕ್ಕಳನ್ನ ಹೊರಗೆ ಆಡೋಕೆ ಬಿಡ್ಬೇಕಾ ಬೇಡ್ವಾ ಅಂತ ಹೇಳೋಕೆ ಏಜೆನ್ಸಿಗೆ ಈ ಮ್ಯಾಪ್ ಸಾಕು. ಊರು ಕಾನೂನಿನ ಮಿತಿ ದಾಟಿದೆಯಾ ಅಂತ ನಿರ್ಧರಿಸೋಕೆ ಮಾತ್ರ ಮಾನ್ಯತೆ ಇರೋ ಮಾನಿಟರ್‌ದೇ ಅಂಕಿ ಬೇಕು.