ಆರು ದಿನದಲ್ಲಿ ಅಂಡಮಾನ್‌ನ ಎಷ್ಟು ದ್ವೀಪ ನೋಡಬಹುದು? ಈಜು ಬಾರದವರಿಗೆ ಹವಳ ನೋಡಲು ಸಿಗುತ್ತದಾ?

ನೀವು ಕೇಳಿದ್ದು ಇಷ್ಟು: ಡಿಸೆಂಬರ್‌ನಲ್ಲಿ ಪುಣೆಯಿಂದ ಹೊರಟು, ಆರು ದಿನದ ರಜೆಯಲ್ಲಿ ಅಂಡಮಾನ್‌ನ ಐದಾರು ದ್ವೀಪ ಸುತ್ತಿ ಬರಬಹುದಾ, ಈಜು ಬಾರದ ಹೆಂಡತಿಗೂ ಹವಳ ಕಾಣುತ್ತದಾ ಅಂತ. ಹವಳ ಖಂಡಿತ ಕಾಣುತ್ತದೆ. ಆದರೆ ಐದಾರು ದ್ವೀಪದ ಆಸೆ ಬಿಡಿ. ಹ್ಯಾವ್‌ಲಾಕ್ ಮತ್ತು ನೀಲ್, ಇವೆರಡೇ ಸಾಕು. 2018ರಿಂದ ಇವುಗಳ ಹೆಸರು ಸ್ವರಾಜ್ ದ್ವೀಪ, ಶಹೀದ್ ದ್ವೀಪ. ಪೋರ್ಟ್ ಬ್ಲೇರ್ ಕೂಡ 2024ರಿಂದ ಶ್ರೀ ವಿಜಯಪುರಂ. ಟಿಕೆಟ್‌ನಲ್ಲಿ ಈ ಹೆಸರುಗಳು ಕಂಡರೆ ಗಾಬರಿಯಾಗಬೇಡಿ.

ನಾನು ಮುಂಬೈ ಹತ್ತಿರದ ಡೊಂಬಿವಲಿಯವನು. ಅಮ್ಮ ಮತ್ತು ಅಕ್ಕನ ಮಕ್ಕಳ ಜೊತೆ ಹೋಗಿದ್ದೆ. ನಮ್ಮ ಕಡೆಯಿಂದ ಹೋಗುವಾಗ ಮಧ್ಯದಲ್ಲಿ ಎಲ್ಲಾದರೂ ವಿಮಾನ ಬದಲಿಸಬೇಕಾಗುವುದೇ ಜಾಸ್ತಿ. ಹಾಗಾಗಿ ಮೊದಲ ದಿನ, ಕೊನೆಯ ದಿನ ಪ್ರಯಾಣಕ್ಕೇ ಹೋಗುತ್ತವೆ. ಉಳಿಯುವುದು ನಾಲ್ಕು ದಿನ. ಒಂದೊಂದು ದ್ವೀಪ ಬದಲಿಸುವಾಗಲೂ ಲಗೇಜು ಕಟ್ಟಬೇಕು, ಜೆಟ್ಟಿಯಲ್ಲಿ ಕಾಯಬೇಕು, ಫೆರಿ ಹತ್ತಬೇಕು. ಅರ್ಧ ದಿನ ಹೋಯಿತು. ಅದರ ಮೇಲೆ ಅಲ್ಲಿ ಡಿಸೆಂಬರ್‌ನಲ್ಲಿ ಸಂಜೆ ಐದರ ಸುಮಾರಿಗೇ ಸೂರ್ಯ ಮುಳುಗುತ್ತಾನೆ. ಪುಣೆಯ ಸಂಜೆಯ ಲೆಕ್ಕ ಅಲ್ಲಿ ನಡೆಯುವುದಿಲ್ಲ. ಬೆಳಿಗ್ಗೆ ಆರಕ್ಕೆ ಎದ್ದರೆ ಮಾತ್ರ ದಿನ ನಿಮ್ಮದು.

ಟೂರ್‌ನವರು ಪೋರ್ಟ್ ಬ್ಲೇರ್ ಪಕ್ಕದ ರಾಸ್, ನಾರ್ತ್ ಬೇ ಎಲ್ಲ ಸೇರಿಸಿ ಎಣಿಕೆ ಹೆಚ್ಚಿಸುತ್ತಾರೆ. ನಾರ್ತ್ ಬೇ ನಿಮಗೆ ಗೊತ್ತಿರುವ ಜಾಗವೇ. ಹಳೆಯ ಕೆಂಪು ಬಣ್ಣದ 20 ರೂಪಾಯಿ ನೋಟಿನ ಹಿಂಬದಿಯಲ್ಲಿ ತೆಂಗಿನ ಮರ, ದೀಪಸ್ತಂಭ ಇದೆಯಲ್ಲ, ಅದು. ಸಮಯ ಉಳಿದರೆ ನೋಡಿ. ನನ್ನನ್ನು ಕೇಳಿದರೆ, ಪೋರ್ಟ್ ಬ್ಲೇರ್‌ನಲ್ಲಿ ಅದಕ್ಕಿಂತ ಸೆಲ್ಯುಲರ್ ಜೈಲಿಗೆ ಹೆಚ್ಚು ಹೊತ್ತು ಕೊಡಬೇಕು.

ಈಗ ಹವಳದ ವಿಷಯ. ಇಲ್ಲಿ ಎಲ್ಲಕ್ಕಿಂತ ಮುಖ್ಯ ಉಬ್ಬರ ಇಳಿತದ ಸಮಯ. ನೀಲ್‌ನ ಭರತ್‌ಪುರ ಬೀಚ್‌ನಲ್ಲಿ ಹವಳದ ದಿಬ್ಬ ದಡದ ಹತ್ತಿರವೇ ಇದೆ. ಪೂರ್ತಿ ಇಳಿತದಲ್ಲಿ ಹೋದರೆ ನೀರು ಮೊಣಕಾಲಿನಷ್ಟೂ ಇರುವುದಿಲ್ಲ. ಜನ ಗೊತ್ತಿಲ್ಲದೆ ಹವಳದ ಮೇಲೆಯೇ ನಡೆಯುತ್ತಾರೆ. ಅದು ಕಲ್ಲಲ್ಲ, ಸಾವಿರಾರು ಪುಟ್ಟ ಜೀವಿಗಳು ಸೇರಿ ಕಟ್ಟಿಕೊಂಡ ಮನೆ. ಗುಂಡನೆಯ ಹವಳ ಒಂದು ಸೆಂಟಿಮೀಟರ್ ಬೆಳೆಯಲು ಹೆಚ್ಚುಕಡಿಮೆ ಒಂದು ವರ್ಷ ಬೇಕು. ಮುರಿಯಲು ಒಂದು ಚಪ್ಪಲಿ ಸಾಕು. ನನ್ನ ಕಣ್ಣೆದುರೇ ಒಬ್ಬ ದೋಣಿಯವನು ದಿಬ್ಬದ ಮೇಲೆಯೇ ಲಂಗರು ಎಸೆದಾಗ ತಡೆಯಲಾಗದೆ ಜಗಳಕ್ಕೇ ನಿಂತೆ. ನೀವೂ ಹತ್ತುವ ಮೊದಲೇ ಕೇಳಿ: ಲಂಗರು ಎಲ್ಲಿ ಹಾಕುತ್ತೀರಿ? ಮರಳಿನ ಮೇಲೆ ಅಥವಾ ದೋಣಿ ಕಟ್ಟಲೆಂದೇ ತೇಲಿಬಿಟ್ಟ ಬೋಯ್‌ಗೆ ಅಂದರೆ ಮಾತ್ರ ಹತ್ತಿ.

ಇನ್ನೊಂದು ಮಾತು. ಫೋಟೋದ ಬಣ್ಣ ನೆಚ್ಚಿಕೊಂಡು ಹೋಗಬೇಡಿ. ಆರೋಗ್ಯವಾಗಿರುವ ಹವಳ ಬಹಳಷ್ಟು ಸಲ ಕಂದು, ಸಾಸಿವೆ, ಮಾಸಲು ಹಸಿರು ಬಣ್ಣದ್ದು. ಅದರ ಮೈಯೊಳಗೆ ವಾಸಿಸುವ ಪಾಚಿಯೇ ಅದಕ್ಕೆ ಆ ಬಣ್ಣ ಕೊಡುತ್ತದೆ, ಊಟವನ್ನೂ ಕೊಡುತ್ತದೆ. ಸಮುದ್ರ ವಾರಗಟ್ಟಲೆ ಹೆಚ್ಚು ಬಿಸಿಯಾದರೆ ಪಾಚಿ ಹೊರಬೀಳುತ್ತದೆ, ಹವಳ ಬೆಳ್ಳಗಾಗುತ್ತದೆ. ಹಾಗೆ ಬೆಳ್ಳಗಾದದ್ದು ಇನ್ನೂ ಸತ್ತಿಲ್ಲ, ನೀರು ಬೇಗ ತಣ್ಣಗಾದರೆ ಚೇತರಿಸಿಕೊಳ್ಳಬಹುದು. ಮೇಲೆ ನೂಲಿನಂಥ ಪಾಚಿ ಬೆಳೆದಿದ್ದರೆ ಆ ಹವಳ ಹೋದ ಹಾಗೆ. ಅಂಡಮಾನ್‌ನಲ್ಲಿ 1998, 2010, 2016ರಲ್ಲಿ ಇಂಥ ಬಿಸಿ ದೊಡ್ಡ ಪೆಟ್ಟು ಕೊಟ್ಟಿತು. 2024ರ ಬೇಸಿಗೆಯಲ್ಲಿ ಲಕ್ಷದ್ವೀಪದ ಹವಳವೂ ಬೆಳ್ಳಗಾಯಿತು. ಹೀಗಿರುವಾಗ ಒಂದೇ ದಿಬ್ಬವನ್ನು ಎರಡು ದಿನ ನೋಡುವುದು ಒಳ್ಳೆಯದು ಅಲ್ವಾ? ಮೊದಲ ದಿನ, ನೀರಿನೊಳಗೆ ನೋಡಲು ಕಣ್ಣು ಮೂಗು ಮುಚ್ಚಿ ಹಾಕುವ ಮಾಸ್ಕ್‌ನದ್ದೇ ಚಿಂತೆ. ಎರಡನೇ ದಿನ ಗಿಳಿಮೀನು ಹವಳ ಕಡಿಯುವ ಕಟಕಟ ಸದ್ದು ಕೇಳಿಸುತ್ತದೆ. ಅದು ಕಡಿದು ಅರೆದು ಹೊರಹಾಕಿದ್ದೇ ಎಷ್ಟೋ ಬೀಚ್‌ಗಳ ಬಿಳಿ ಮರಳು.

ನಿಮ್ಮ ಮನೆಯವರಿಗೆ ಹ್ಯಾವ್‌ಲಾಕ್‌ನ ಎಲಿಫೆಂಟ್ ಬೀಚ್ ಸರಿಯಾದ ಜಾಗ. ಜೆಟ್ಟಿಯಿಂದ ದೋಣಿ ಸಿಗುತ್ತದೆ. ಲೈಫ್ ಜಾಕೆಟ್ ಹಾಕಿ, ತೇಲುವ ಟ್ಯೂಬ್ ಹಿಡಿಸಿ, ಗೈಡ್ ಎಳೆದುಕೊಂಡು ಹೋಗುತ್ತಾನೆ. ಮುಖ ನೀರಿಗೆ ಇಟ್ಟು, ನೀರಿನ ಮೇಲೆ ಚಾಚಿರುವ ಉಸಿರಾಟದ ಕೊಳವೆ ಕಚ್ಚಿಕೊಂಡು ಬಾಯಲ್ಲಿ ಉಸಿರಾಡಿದರೆ ಸಾಕು. ನಮ್ಮ ಅಮ್ಮ ನದಿಗೂ ಇಳಿದವರಲ್ಲ, ಅವರೇ ನೋಡಿ ಬಂದರು. ಮೊದಲು ಸೊಂಟದಷ್ಟು ನೀರಿನಲ್ಲಿ ನಿಂತು ಅಭ್ಯಾಸ ಮಾಡಿಸಿ. ಮಾಸ್ಕ್‌ನ ಪಟ್ಟಿ ಹಾಕದೆ ಮುಖಕ್ಕೆ ಒತ್ತಿ ಮೂಗಿನಲ್ಲಿ ಉಸಿರು ಎಳೆಯಿರಿ. ಅದು ಅಂಟಿಕೊಂಡು ನಿಂತರೆ ಅಳತೆ ಸರಿ. ನಿಮಗೆ ದಪ್ಪ ಮೀಸೆ ಇದ್ದರೆ ನೀರು ಒಳಗೆ ಬರುತ್ತದೆ, ಸ್ವಲ್ಪ ವ್ಯಾಸಲಿನ್ ಹಚ್ಚಿ. ಸನ್‌ಸ್ಕ್ರೀನ್ ಮೈತುಂಬ ಬಳಿಯುವ ಬದಲು ಪೂರ್ತಿ ತೋಳಿನ ಅಂಗಿ ಹಾಕಿಕೊಳ್ಳಿ. ಕೆಲವು ಸನ್‌ಸ್ಕ್ರೀನ್‌ಗಳ ರಾಸಾಯನಿಕ ಹವಳಕ್ಕೆ ಒಳ್ಳೆಯದಲ್ಲ. ದಡದಲ್ಲಿ ಸತ್ತ ಹವಳದ ತುಂಡು ಸಿಕ್ಕರೂ ತರಬೇಡಿ. ವನ್ಯಜೀವಿ ಕಾಯ್ದೆಯಲ್ಲಿ ಅದು ಅಪರಾಧ. ರಾಧಾನಗರ ಬೀಚ್‌ನಲ್ಲಿ ಹವಳಕ್ಕಾಗಿ ಹುಡುಕಬೇಡಿ. ಸಂಜೆ ಸುಮ್ನೆ ಕೂರಲು ಹೋಗಿ.

ಲಕ್ಷದ್ವೀಪ ಯಾಕಲ್ಲ ಎಂದು ನೀವು ಕೇಳಬಹುದು. ಅದು ನನಗೆ ಇನ್ನೂ ಹತ್ತಿರದ್ದು. ಅಲ್ಲಿನ ಅಮಿನಿ, ಕಡಮತ್ ದ್ವೀಪಗಳು 1956ರವರೆಗೆ ನಮ್ಮ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದವು. ಲಗೂನ್, ಅಂದರೆ ಹವಳದ ದಿಬ್ಬದ ಒಳಬದಿಯ ನೀರು, ಶಾಂತ. ಈಜು ಬಾರದವರಿಗೆ ಹೇಳಿ ಮಾಡಿಸಿದ್ದು. ಆದರೆ ಪರ್ಮಿಟ್ ಬೇಕು, ಉಳಿಯಲು ಜಾಗ ಕಡಿಮೆ. ತಿಂಗಳುಗಟ್ಟಲೆ ಮೊದಲೇ ತಯಾರಿ ಮಾಡುವುದಾದರೆ ಮಾತ್ರ.

ಮತ್ತೆ, ಹವಳಕ್ಕಾಗಿ ಅಷ್ಟು ದೂರವೇ ಹೋಗಬೇಕೆಂದಿಲ್ಲ. ಮುಂಬೈಯ ವರ್ಳಿ, ಹಾಜಿ ಅಲಿ ಬಂಡೆಗಳಲ್ಲೂ ಹವಳ ಇದೆ. ಕೋಸ್ಟಲ್ ರೋಡ್ ಕಟ್ಟುವಾಗ ಅದರಲ್ಲಿ ಕೆಲವನ್ನು ಎತ್ತಿ ಬೇರೆ ಕಡೆ ನೆಟ್ಟರು. ಮಹಾರಾಷ್ಟ್ರದ ಕರಾವಳಿಯ ಮಾಲ್ವಣದಲ್ಲಿ ಸಿಂಧುದುರ್ಗ ಕೋಟೆಯ ಸುತ್ತಲೂ ಇದೆ. ಅಲ್ಲಿ ಒಂದು ಶನಿವಾರ-ಭಾನುವಾರ ನಿಮ್ಮ ಮನೆಯವರಿಗೆ ಮಾಸ್ಕ್ ಅಭ್ಯಾಸ ಮಾಡಿಸಿದರೆ ಅಂಡಮಾನ್‌ನಲ್ಲಿ ಭಯವೇ ಇರುವುದಿಲ್ಲ.

ಕೊನೆಯ ರಾತ್ರಿ ಪೋರ್ಟ್ ಬ್ಲೇರ್‌ನಲ್ಲೇ ಇರಿ. ಗಾಳಿ ಜೋರಾದರೆ ಫೆರಿ ರದ್ದಾಗುತ್ತದೆ, ವಿಮಾನ ತಪ್ಪುತ್ತದೆ. ಡಿಸೆಂಬರ್ ಕೊನೆಯಲ್ಲಿ ಜನ ಜಾಸ್ತಿ. ಆದ್ದರಿಂದ ಮೊದಲು ಫೆರಿ ಟಿಕೆಟ್, ಆಮೇಲೆ ಹೋಟೆಲ್.