ನ್ಯಿರ್ರೆಗೂ ನಾಗನಿಗೂ ನಂಟಿದೆಯೇ?

ಪ್ರಶ್ನೆ: ನೆದರ್‌ಲ್ಯಾಂಡ್ಸಿನ ಫ್ರಿಸಿಯನ್ ಭಾಷೆಯಲ್ಲಿ ಒಂದು ಬಗೆಯ ಹಾವಿಗೆ ‘ನ್ಯಿರ್ರೆ’ ಎನ್ನುತ್ತಾರಂತೆ. ನಮ್ಮ ‘ನಾಗ’ವೇ ಅಲ್ಲಿ ಹೀಗಾಯಿತೇ? ಇಂಗ್ಲಿಷಿನ ‘ಆ್ಯಡರ್’ (ಒಂದು ವಿಷದ ಹಾವು) ಇದಕ್ಕೇನಾಗಬೇಕು?

ಉತ್ತರ: ಆ್ಯಡರ್ ಒಡಹುಟ್ಟು. ನಾಗ ಏನೂ ಆಗಬೇಕಿಲ್ಲ.

ಯಾವುದೇ ಹಾವಿಗೆ ಫ್ರಿಸಿಯನ್ನರು ಡಚ್ಚರಂತೆ ‘ಸ್ಲಾಂಗ್’ ಎನ್ನುತ್ತಾರೆ. ಜರ್ಮನ್ನಿನ ‘ಶ್ಲಾಂಗೆ’ ಅದೇ ಪದ, ‘ಸುತ್ತಿಕೊಳ್ಳು’ ಎಂಬ ಧಾತುವಿನದು. ನ್ಯಿರ್ರೆ ಎಂದರೆ ವೈಪರ್ ಗುಂಪಿನ ವಿಷದ ಹಾವು ಮಾತ್ರ. ಫ್ರಿಸ್ಲಾನ್ ಪ್ರಾಂತ್ಯದ ಅಂಚಿನ ಫೊಖ್ಟೆಲೂರ್‌ಫೇನ್ ಜೌಗಿನಲ್ಲಿ ಅದು ಈಗಲೂ ಇದೆ.

ಬಳಗ ದೊಡ್ಡದು: ಹಳೆ ಇಂಗ್ಲಿಷಿನ ‘ನ್ಯಾಡ್ರೆ’, ಜರ್ಮನ್ನಿನ ‘ನಾಟರ್’, ವೆಲ್ಷಿನ ‘ನೈಡರ್’, ಲ್ಯಾಟಿನ್ನಿನ ‘ನಾಟ್ರಿಕ್ಸ್’ (ನೀರುಹಾವು). ಇವೆಲ್ಲದರ ನಡುವೆ ತ ಅಥವಾ ದ, ಬೆನ್ನಿಗೇ ರ. ಫ್ರಿಸಿಯನ್ನಿನಲ್ಲಿ ಆ ದ ಎಲ್ಲಿ ಹೋಯಿತು? ಅಲ್ಲಿ ಸ್ವರದ ನಂತರ, ರ-ಕಾರದ ಹತ್ತಿರ ಬಂದ ದ ಸವೆದುಹೋಗುವುದು ವಾಡಿಕೆ. ಇಂಗ್ಲಿಷಿನ ‘ಲೆದರ್’ (ತೊಗಲು) ಅಲ್ಲಿ ‘ಲಿಅರ್’. ಹಳೆಯ ದೀರ್ಘ ಏ ‘ಇಎ’ ಆಗುತ್ತದೆ, ಕುರಿಗೆ ‘ಸ್ಕಿಎಪ್’ ಎಂದಂತೆ. ಆ ‘ಇಎ’ ಹ್ರಸ್ವವಾದಾಗ ‘ಯಿ’ ಎಂದು ಒಡೆಯುತ್ತದೆ: ‘ಸ್ಟಿಎನ್’ (ಕಲ್ಲು) ಬಹುವಚನದಲ್ಲಿ ‘ಸ್ಟ್ಯಿನೆನ್’. ಹಾಗಾಗಿ ನೇದ್ರೆ, ನಿಎರೆ, ನ್ಯಿರ್ರೆ. ನಾವು ಪಾಲು ಹಾಲಾಯಿತು, ಪೂ ಹೂವಾಯಿತು ಎಂದು ನೋಡಿಯೇ ‘ಪಾವು’ ಹಾವಾದದ್ದನ್ನು ನಂಬುವುದಲ್ಲವೇ, ಲೆಕ್ಕ ಅದೇ.

ಆ್ಯಡರ್ ಮೊದಲಿನ ನ ಕಳೆದುಕೊಂಡದ್ದು ಕಿವಿಯ ತಪ್ಪಿನಿಂದ. ‘ಎ ನ್ಯಾಡರ್’ ಎಂದದ್ದು ‘ಆ್ಯನ್ ಆ್ಯಡರ್’ ಎಂದು ಕೇಳಿಸಿತು. ‘ನೇಪ್ರನ್’ ‘ಏಪ್ರನ್’ ಆದದ್ದೂ ಹೀಗೆಯೇ. ಡಚ್ಚಿನಲ್ಲೂ ಅದು ‘ಆಡರ್’. ಫ್ರಿಸಿಯನ್ನರೂ ‘ಒಂದು’ ಎನ್ನಲು ‘ಇನ್’ ಬಳಸುವುದರಿಂದ ಅದೇ ಅಪಾಯ ಅಲ್ಲೂ ಇತ್ತು, ಆದರೆ ನ ಉಳಿಯಿತು. ತಮಾಷೆ ಜರ್ಮನ್ನಿನಲ್ಲಿದೆ: ನ ಇರುವ ‘ನಾಟರ್’ ಬಹುಮಟ್ಟಿಗೆ ವಿಷವಿಲ್ಲದ ಹಾವು, ನ ಬಿದ್ದುಹೋದ ‘ಒಟರ್’ ವಿಷದ್ದು. ಒಂದೇ ಪದ ಎರಡು ಹಾವಾಯಿತು!

ಇನ್ನು ನಾಗ. ಅದರ ನಡುವೆ ಗ ಇದೆ. ಸಂಸ್ಕೃತಕ್ಕೂ ಈ ಭಾಷೆಗಳಿಗೂ ಸಮಾನವಾದ ಮೂಲ ಭಾಷೆಯ ಗ ಇಂಗ್ಲಿಷ್, ಜರ್ಮನ್, ಫ್ರಿಸಿಯನ್ನಿನಂಥ ಜರ್ಮಾನಿಕ್ ಭಾಷೆಗಳಲ್ಲಿ ಕ ಆಗುತ್ತದೆ, ದ ಆಗುವುದಿಲ್ಲ; ಮೇಲಾಗಿ ನಾಗದಲ್ಲಿ ರ-ಕಾರದ ಸುಳಿವೇ ಇಲ್ಲ. ಕ ಇರುವ ಹಾವಿನ ಹೆಸರು ಇಂಗ್ಲಿಷಿನ ‘ಸ್ನೇಕ್’. ನಾಗನನ್ನು ಅದರೊಡನೆ ಜೋಡಿಸುವ ವಿದ್ವಾಂಸರಿದ್ದಾರೆ, ಒಪ್ಪದವರೂ ಇದ್ದಾರೆ.