ಆ 20 ಲಕ್ಷ ಕೋಟಿ ನಿಮ್ಮ ಖಾನಾವಳಿಗೆ ಯಾಕೆ ಬರಲಿಲ್ಲ?

ಪ್ರೀತಿಯ ಓದುಗರೇ,

ದಾವಣಗೆರೆಯಿಂದ ನೀವು ಬರೆದ ನಾಲ್ಕು ಪುಟದ ಪತ್ರ ತಲುಪಿತು. ಹೆಸರು ಹಾಕಬೇಡಿ ಅಂದಿದ್ದೀರಿ, ಹಾಕಿಲ್ಲ. ಉಳಿದ ಓದುಗರಿಗಾಗಿ ವಿಷಯ ಹೇಳಿಬಿಡುತ್ತೇನೆ. ಕಾಲೇಜಿನ ಹತ್ತಿರ 14 ವರ್ಷ ಖಾನಾವಳಿ ನಡೆಸಿದಿರಿ. 2020ರ ಯುಗಾದಿಗೆ ಹಾಕಿದ ಬೀಗ ಮತ್ತೆ ತೆಗೆಯಲಿಲ್ಲ. ಪಾತ್ರೆ, ಗ್ರೈಂಡರ್ ಎಲ್ಲ ಮಾರಿ ಬಾಡಿಗೆ ಬಾಕಿ ತೀರಿಸಿದಿರಿ. ಈಗ ಇನ್ನೊಬ್ಬರ ಅಂಗಡಿಯಲ್ಲಿ ಲೆಕ್ಕ ಬರೆಯುತ್ತಿದ್ದೀರಿ. ಹೋದ ಸಂಚಿಕೆಯಲ್ಲಿ ನಾವು ‘ಕೊರೊನಾ ಕಾಲದಲ್ಲಿ ಕೇಂದ್ರ ಸರ್ಕಾರ 20 ಲಕ್ಷ ಕೋಟಿ ರೂಪಾಯಿ ಕೊಟ್ಟಿತು’ ಅಂತ ಬರೆದಿದ್ದೆವು. ಅದನ್ನು ಓದಿ, ‘ಯಾರಿಗೆ ಕೊಟ್ಟರು? ನಡುವೆ ತಿಂದವರು ಯಾರು?’ ಅಂತ ಕೇಳಿದ್ದೀರಿ.

ಮೊದಲು ನಮ್ಮ ತಪ್ಪು ಒಪ್ಪಿಕೊಳ್ಳುತ್ತೇನೆ. ‘ಕೊಟ್ಟಿತು’ ಅನ್ನೋ ಮಾತು ಸರಿಯಲ್ಲ. 2020ರ ಮೇ 12ರ ರಾತ್ರಿ ಪ್ರಧಾನಿ ಆ ಮೊತ್ತ ಹೇಳಿದರು. ಆಮೇಲೆ ಐದು ದಿನ ಹಣಕಾಸು ಸಚಿವೆ ನಿರ್ಮಲಾ ಸೀತಾರಾಮನ್ ಅದನ್ನು ಬಿಡಿಸಿ ಹೇಳಿದರು. ಒಟ್ಟು ಸುಮಾರು 20.97 ಲಕ್ಷ ಕೋಟಿ. ಅದರಲ್ಲಿ 8 ಲಕ್ಷ ಕೋಟಿ ರಿಸರ್ವ್ ಬ್ಯಾಂಕಿನ ಲೆಕ್ಕದ್ದು. ಬ್ಯಾಂಕುಗಳ ಹತ್ತಿರ ದುಡ್ಡು ಓಡಾಡಲಿ ಅಂತ ಮಾಡಿದ ಏರ್ಪಾಡು. ಅದು ಬಜೆಟ್ಟಿನಿಂದ ಖರ್ಚಾದ ಹಣ ಅಲ್ಲವೇ ಅಲ್ಲ. ಇನ್ನು 3 ಲಕ್ಷ ಕೋಟಿ ಸಣ್ಣ ಉದ್ದಿಮೆಗಳಿಗೆ ಸಿಗಬೇಕಿದ್ದ ಸಾಲ. ಸಾಲ ಕೊಡೋದು ಬ್ಯಾಂಕು, ಸರ್ಕಾರ ಬರೀ ಜಾಮೀನು. ಅಂದರೆ ನಡುವೆ ಯಾರೋ ತಿಂದರು ಅನ್ನೋದಕ್ಕಿಂತ, ಅಷ್ಟು ದುಡ್ಡು ದೆಹಲಿ ಬಿಟ್ಟು ಹೊರಟೇ ಇರಲಿಲ್ಲ.

ಆ ಜಾಮೀನು ಸಾಲವಾದರೂ ನಿಮಗೆ ಬರಬೇಕಿತ್ತಲ್ಲ? ನಿಮ್ಮ ಪತ್ರದ ಮೂರನೇ ಪುಟದಲ್ಲೇ ಇದಕ್ಕೆ ಉತ್ತರ ಇದೆ. ‘ನಾನು ಬ್ಯಾಂಕಿನಲ್ಲಿ ಸಾಲ ಮಾಡಿದವನಲ್ಲ, ಚೀಟಿ ಎತ್ತಿ ಗ್ರೈಂಡರ್ ತಗೊಂಡೆ’ ಅಂತ ಬರೆದಿದ್ದೀರಿ. ಈ ಯೋಜನೆಯ ನಿಯಮ ಏನಿತ್ತು ಗೊತ್ತಾ? 2020ರ ಫೆಬ್ರವರಿ 29ಕ್ಕೆ ನಿಮ್ಮ ಹೆಸರಿನಲ್ಲಿ ಎಷ್ಟು ಸಾಲ ಬಾಕಿ ಇತ್ತೋ, ಅದರ ಶೇ 20ರಷ್ಟು ಹೊಸ ಸಾಲ. ಬಾಕಿಯೇ ಇಲ್ಲದಿದ್ದರೆ ಸೊನ್ನೆಯ ಶೇ 20, ಸೊನ್ನೆ. ಸಾಲ ಇಲ್ಲದೆ ಬದುಕಬೇಕು ಅಂತ ನಮ್ಮ ಹಿರಿಯರು ಹೇಳಿಕೊಟ್ಟಿದ್ದನ್ನೇ ನೀವು ಪಾಲಿಸಿದಿರಿ. ಅದೇ ನಿಮ್ಮನ್ನು ಹೊರಗೆ ನಿಲ್ಲಿಸಿತು. ಇದನ್ನು ಬರೆಯುವಾಗ ನನಗೂ ಸಂಕಟವಾಗುತ್ತಿದೆ. ಅಷ್ಟಕ್ಕೂ ಕಾಲೇಜು ಮುಚ್ಚಿ, ಹುಡುಗರೆಲ್ಲ ಊರಿಗೆ ಹೋಗಿದ್ದರು. ಸಾಲ ತಂದು ಒಲೆ ಹಚ್ಚಿದ್ದರೂ ಉಣ್ಣುವವರು ಯಾರಿದ್ದರು? ಬೇಕಿದ್ದದ್ದು ಮೂರ್ನಾಲ್ಕು ತಿಂಗಳ ಬಾಡಿಗೆಗೆ ಆಗುವಷ್ಟು ನಗದು.

ದೇಶಕ್ಕೆ ಬೀಗ ಹಾಕಲೇಬಾರದಿತ್ತು ಅಂತ ನಾನು ಹೇಳೋದಿಲ್ಲ. ದೇಶದ ಮೊದಲ ಕೊರೊನಾ ಸಾವು ನಮ್ಮ ಕಲಬುರಗಿಯಲ್ಲೇ ಆಗಿತ್ತು. ರೋಗದ ಬಗ್ಗೆ ಯಾರಿಗೂ ಸರಿಯಾಗಿ ಗೊತ್ತಿರಲಿಲ್ಲ. ಆದರೆ ಮಾರ್ಚ್ 24ರ ರಾತ್ರಿ 8ಕ್ಕೆ ಹೇಳಿ 12ಕ್ಕೆ ಇಡೀ ದೇಶ ಮುಚ್ಚಿದ್ದು ತಪ್ಪು. ನಾಲ್ಕು ಗಂಟೆಯಲ್ಲಿ ಯಾರಿಗೆ ಊರು ಸೇರಲು ಆಗುತ್ತದೆ?

ಹಾಗಂತ ಏನೂ ತಲುಪಲೇ ಇಲ್ಲ ಅನ್ನೋದೂ ಸುಳ್ಳಾಗುತ್ತದೆ. ರೇಷನ್ ತಲುಪಿತು. ಸುಮಾರು 80 ಕೋಟಿ ಜನರಿಗೆ ತಿಂಗಳಿಗೆ ತಲೆಗೆ 5 ಕೆಜಿ ಧಾನ್ಯ ಪುಕ್ಕಟೆಯಾಗಿ ಬಂತು. ಉದ್ಯೋಗ ಖಾತ್ರಿ ಕೈ ಹಿಡಿಯಿತು. ಅದಕ್ಕೆ 40 ಸಾವಿರ ಕೋಟಿ ಜಾಸ್ತಿ ಇಟ್ಟರು. ಊರಿಗೆ ಮರಳಿದವರು ಕೆರೆ ಹೂಳೆತ್ತಿ, ಬದು ಹಾಕಿ ಕೂಲಿ ತಗೊಂಡರು. ಇವೆರಡು ಯಾಕೆ ನಡೆದವು? ನನ್ನ ಉತ್ತರ ಇಷ್ಟೇ. ರೇಷನ್ ಕಾರ್ಡು, ಜಾಬ್ ಕಾರ್ಡು ಮೊದಲೇ ಜನರ ಕೈಯಲ್ಲಿದ್ದವು. ಹೆಸರು ಪಟ್ಟಿಯಲ್ಲಿತ್ತು. ಪಟ್ಟಿ ಇಲ್ಲದ ಕಡೆ ಸರ್ಕಾರಕ್ಕೆ ಮನಸ್ಸಿದ್ದರೂ ದಾರಿ ಇರಲಿಲ್ಲ.

ಇದನ್ನು ಕಣ್ಣಾರೆ ಕಂಡಿದ್ದೇನೆ. 2020ರ ಮೇ 6ರಂದು ರಾಜ್ಯ ಸರ್ಕಾರ 1,610 ಕೋಟಿಯ ನೆರವು ಸಾರಿತು. ಆಟೊ, ಟ್ಯಾಕ್ಸಿ ಚಾಲಕರಿಗೆ, ಮಡಿವಾಳರಿಗೆ, ಕ್ಷೌರಿಕರಿಗೆ ತಲಾ 5 ಸಾವಿರ. ಒಳ್ಳೆಯ ಯೋಚನೆ, ನಿಜಕ್ಕೂ ನಗದು. ಮಾರನೇ ವಾರ ನಮ್ಮ ಬೀದಿಯ ಕಟಿಂಗ್ ಶಾಪಿನವರು ಒಂದು ಪ್ಲಾಸ್ಟಿಕ್ ಕವರ್ ಹಿಡಿದು ಮನೆಗೆ ಬಂದರು. ಆಧಾರ್, ಪಾಸ್‌ಬುಕ್, ಎರಡು ಫೋಟೊ ಅದರಲ್ಲಿದ್ದವು. ‘ಸಾರ್, ನಾನು ಈ ಕೆಲಸ ಮಾಡ್ತೀನಿ ಅಂತ ಬರೆದುಕೊಡೋರು ಯಾರು?’ ಅಂತ ಕೇಳಿದರು. ಇಪ್ಪತ್ತು ವರ್ಷದಿಂದ ನನ್ನ ತಲೆಗೆ ಕತ್ತರಿ ಹಾಕಿದವರು. ನಾನು ಬರೆದುಕೊಟ್ಟರೆ ನಡೆಯುವುದಿಲ್ಲ. ಮೂರು ಸಲ ಓಡಾಡಿದರು. ನಾಲ್ಕನೇ ಸಲ ಹೋಗುವಷ್ಟರಲ್ಲಿ ಅಂಗಡಿ ತೆರೆಯಲು ಅನುಮತಿ ಸಿಕ್ಕಿತ್ತು. ಕವರ್ ಹಾಗೇ ಒಳಗಿಟ್ಟರು.

ವಲಸೆ ಕಾರ್ಮಿಕರದ್ದು ಇನ್ನೂ ದೊಡ್ಡ ಕಥೆ. ಬೇರೆ ರಾಜ್ಯದಿಂದ ಬರುವ ಕೂಲಿಕಾರರ ಲೆಕ್ಕ ಇಡಬೇಕು ಅಂತ 1979ರಲ್ಲೇ ಕಾಯ್ದೆ ಆಗಿತ್ತು. 2020ರಲ್ಲಿ ಆ ಪಟ್ಟಿ ಎಲ್ಲಿತ್ತು? 1 ಕೋಟಿಗೂ ಜಾಸ್ತಿ ಜನ ತಮ್ಮ ರಾಜ್ಯಗಳಿಗೆ ಮರಳಿದರು ಅಂತ ಸಂಸತ್ತಿಗೆ ಹೇಳಿದ ಸರ್ಕಾರವೇ, ದಾರಿಯಲ್ಲಿ ಸತ್ತವರ ಲೆಕ್ಕ ಇಲ್ಲ ಅಂದಿತು. ನಮ್ಮ ರಾಜ್ಯವೂ ಕಮ್ಮಿಯೇನಲ್ಲ. ಬಿಲ್ಡರ್‌ಗಳ ಜೊತೆ ಸಭೆ ನಡೆದ ದಿನವೇ ವಲಸೆ ಕಾರ್ಮಿಕರು ಊರಿಗೆ ಹೋಗುವ ರೈಲು ರದ್ದು ಮಾಡಿತು. ಜನ ಛೀ ಅಂದ ಮೇಲೆ ಮತ್ತೆ ಬಿಟ್ಟಿತು. ಆ ಎರಡು ಮೂರು ದಿನವನ್ನು ನಾನು ಮರೆತಿಲ್ಲ.

‘ನಗದು ಕೊಡಿ ಅನ್ನೋದು ಸುಲಭ, ದುಡ್ಡು ಎಲ್ಲಿಂದ ತರೋದು?’ ಅಂತಲೂ ಕೇಳಿದ್ದೀರಿ. ಸರಿಯಾದ ಪ್ರಶ್ನೆ. 2019ರ ಏಪ್ರಿಲ್‌ನಲ್ಲಿ 1.13 ಲಕ್ಷ ಕೋಟಿ ಬಂದಿದ್ದ ಜಿಎಸ್‌ಟಿ, 2020ರ ಏಪ್ರಿಲ್‌ನಲ್ಲಿ ಸುಮಾರು 32 ಸಾವಿರ ಕೋಟಿಗೆ ಇಳಿದಿತ್ತು. ಸರ್ಕಾರ ಸಾಲ ಮಾಡಿತು, ಜಾಸ್ತಿಯೇ ಮಾಡಿತು. ಜೊತೆಗೆ ಮೇ ಮೊದಲ ವಾರ ಪೆಟ್ರೋಲ್ ಮೇಲೆ ಲೀಟರಿಗೆ 10 ರೂಪಾಯಿ, ಡೀಸೆಲ್ ಮೇಲೆ 13 ರೂಪಾಯಿ ತೆರಿಗೆ ಏರಿಸಿತು. ಹೊರಗೆ ಕಚ್ಚಾ ತೈಲ ನೆಲಕಚ್ಚಿತ್ತು, ಬಂಕಿನಲ್ಲಿ ದರ ಇಳಿಯಲಿಲ್ಲ. ಅಂದರೆ ಆ 5 ಸಾವಿರಕ್ಕೆ ಅರ್ಜಿ ಹಾಕಿದ ಆಟೊ ಚಾಲಕರೇ ಡೀಸೆಲ್ ಹಾಕಿಸುವಾಗ ಕೇಂದ್ರದ ಬೊಕ್ಕಸ ತುಂಬಿಸುತ್ತಿದ್ದರು. ಸಾಲವನ್ನು ಇನ್ನೊಂದಿಷ್ಟು ಮಾಡಿ ಇಂಥವರ ಕೈಗೆ ಕೊಡಬಹುದಿತ್ತು ಅನ್ನೋದೇ ನನ್ನ ಅಭಿಪ್ರಾಯ.

ಕೊನೆಗೆ ಒಂದು ವಿನಂತಿ. ನಿಮ್ಮಲ್ಲಿ ಚಪಾತಿ ಲಟ್ಟಿಸುತ್ತಿದ್ದ ರಾಯಚೂರು ಕಡೆಯ ಹುಡುಗನ ಬಗ್ಗೆ ಬರೆದಿದ್ದೀರಿ. 1979ರ ಕಾಯ್ದೆ ಇದ್ದದ್ದು ರಾಜ್ಯ ದಾಟಿ ಬಂದವರಿಗೆ ಮಾತ್ರ, ಅವನು ಅದರಲ್ಲೂ ಇರಲಿಲ್ಲ. 2021ರ ಆಗಸ್ಟ್‌ನಲ್ಲಿ ಇ-ಶ್ರಮ್ ಅಂತ ಅಸಂಘಟಿತ ಕೆಲಸಗಾರರ ಪಟ್ಟಿ ಶುರುವಾಯಿತು. ಹೋಟೆಲ್ ಕೆಲಸದವರೂ ಸೇರಬಹುದು, ದುಡ್ಡು ಕೊಡಬೇಕಿಲ್ಲ. ಅವನು ಫೋನಿಗೆ ಸಿಕ್ಕರೆ ಹೆಸರು ಬರೆಸಿದ್ದಾನಾ ಕೇಳಿ. ಬರೆಸಿದ್ದರೆ ಅದರಿಂದ ಇಲ್ಲಿಯವರೆಗೆ ಏನಾದರೂ ಸಿಕ್ಕಿತಾ ಅನ್ನೋದನ್ನೂ ಕೇಳಿ ನಮಗೆ ತಿಳಿಸಿ. ಮುಂದಿನ ಸಂಚಿಕೆಯಲ್ಲಿ ಜಾಗ ಇಟ್ಟಿರುತ್ತೇನೆ.

ನಿಮ್ಮ,
ಸಂಪಾದಕ